ಶೆಡ್ಡಿಗೆ ಬಂದ ಕೂಸು

ನಾನು ಶಾಲೆ ಬಿಟ್ಟದ್ದು ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಏಳನೆಯ ತರಗತಿಯ ನಡುವೆ. ಬಿಡಿಸಿದರು ಎಂದು ಹೇಳುವವರಿದ್ದಾರೆ, ಅದು ಸುಳ್ಳು. ನಾನಾಗಿ ಬಿಟ್ಟೆ. ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುತ್ತಿದ್ದ ಅಪ್ಪನ ಎದೆಯಲ್ಲಿ ದೂಳು ಕೂತಿತ್ತು, ಸುತ್ತಿಗೆ ಎತ್ತಿದರೆ ಕೆಮ್ಮು ಬರುತ್ತಿತ್ತು. ಒಂದು ಸೋಮವಾರ ಪಾಟಿಚೀಲವನ್ನು ಮೊಳೆಗೆ ನೇತುಹಾಕಿ, ಗೋಡೆ ಕಟ್ಟುವ ಗೌಂಡಿಗಳ ಹಿಂದೆ ಬಳ್ಳಾರಿ ಬಸ್ಸು ಹತ್ತಿದೆ. ಮೂರು ವರ್ಷ ಬರೀ ಇಟ್ಟಿಗೆ ಹೊತ್ತೆ. ನಾಲ್ಕನೆಯ ವರ್ಷ ಕೈಗೆ ಕರಣಿ ಬಂತು. ಇವತ್ತು ಗೋಡೆಯ ಅಳತೆ ಹೇಳಿದರೆ ಎಷ್ಟು ಇಟ್ಟಿಗೆ ಬೇಕೆಂದು ನಿಂತಲ್ಲೇ ಹೇಳುತ್ತೇನೆ. ಓದಿದ ಇಂಜಿನಿಯರು ಮೊಬೈಲಿನಲ್ಲಿ ಲೆಕ್ಕ ಹಾಕಿ ಅದನ್ನೇ ಹೇಳುವ ಹೊತ್ತಿಗೆ ನಾನು ಮೊದಲ ವರಸೆ ಇಟ್ಟಿರುತ್ತೇನೆ. ಇದನ್ನು ಜಂಬ ಎನ್ನುವವರು ಎನ್ನಲಿ.

ಮೊನ್ನೆ ಸಿರುಗುಪ್ಪದ ರಸ್ತೆಯಲ್ಲಿ ಬೈಕಿನಲ್ಲಿ ಬರುತ್ತಿದ್ದೆ. ಭತ್ತದ ಕಟಾವು ಮುಗಿದ ಹೊತ್ತು. ಎದುರಿನಿಂದ ಹೊಸ ಹುಲ್ಲು ಹೇರಿದ ಟ್ರಾಕ್ಟರೊಂದು ರಸ್ತೆಯಗಲಕ್ಕೂ ಬಂದು, ಹುಲ್ಲಿನ ಅಂಚು ನನ್ನ ಭುಜ ಸವರಿಕೊಂಡು ಹೋಯಿತು. ನನ್ನ ಅಂಗಿಗೆ ಬೆಳಗಿನ ಸಿಮೆಂಟು ಇನ್ನೂ ಹಸಿಯಾಗಿ ಅಂಟಿತ್ತು. ಹೊಸ ಹುಲ್ಲು, ಹಸಿ ಸಿಮೆಂಟು, ಎರಡರ ವಾಸನೆಯೂ ಒಂದೇ ಉಸಿರಿನಲ್ಲಿ ಮೂಗಿಗೆ ಹೊಕ್ಕಿತು. ಬೈಕನ್ನು ಪಕ್ಕಕ್ಕೆ ನಿಲ್ಲಿಸಬೇಕಾಯಿತು. ಬರೀ ದಣಿವು ಎಂದುಕೊಂಡೆ. ಈಚೆಗೆ ದಣಿವು ಸಂಜೆಗೆ ಬರುವುದಲ್ಲ, ಬೆಳಿಗ್ಗೆ ನಾನು ಏಳುವ ಮೊದಲೇ ಎದ್ದು ಕೂತಿರುತ್ತದೆ. ಆದರೆ ಅದು ದಣಿವಲ್ಲ. ಹಚ್ಚೊಳ್ಳಿ ಕಡೆಯ ಆ ಡಿಸೆಂಬರು.

ಕೊರೊನಾ ಕಳೆದ ಮರುವರ್ಷದ ಮಾತು. ಅದಕ್ಕೂ ಹಿಂದಿನದನ್ನು ಸ್ವಲ್ಪ ಹೇಳಬೇಕು.

ನಮ್ಮದು ಅಜ್ಜನ ಕಾಲದಿಂದ ಕ್ರಿಸ್ತುವರ ಮನೆ. ಕುರುಗೋಡಿನ ನಮ್ಮ ಮನೆಯ ಗೋಡೆಯಲ್ಲಿ ದೀಪ ಇಡುವ ಒಂದು ಗೂಡಿತ್ತು. ಕ್ರಿಸ್ಮಸ್ ಬಂದರೆ ಅವ್ವ ಆ ಗೂಡನ್ನು ಸಾರಿಸಿ, ಅಪ್ಪ ತಂದ ಕಲ್ಲಿನ ಚೂರು ಜೋಡಿಸಿ, ಅದರೊಳಗೆ ಗೋದಲಿ, ಯೇಸು ಹುಟ್ಟಿದ ಕೊಟ್ಟಿಗೆ, ಮಾಡುತ್ತಿದ್ದಳು. ಬೆರಳುದ್ದದ ಮಣ್ಣಿನ ಬಾಲಯೇಸು. ನನಗೆ ಐದೋ ಆರೋ ವರ್ಷ. ಆ ಸಲ ಚಳಿ ಜೋರಿತ್ತು. ಕೂಸಿಗೆ ಮೈಮೇಲೆ ಬಟ್ಟೆಯೇ ಇಲ್ಲವೆಂದು ನಾನು ನನ್ನ ಬನಿಯನ್ನು ಬಿಚ್ಚಿ ಅದಕ್ಕೆ ಹೊದಿಸಿ, ಬರಿಮೈಯಲ್ಲಿ ಮಲಗಿದ್ದೆ. ಬೆಳಿಗ್ಗೆ ಮೂಗು ಸೋರುತ್ತಿತ್ತು. ಅವ್ವ ಬೈಯಲಿಲ್ಲ. ಗೂಡಿನೊಳಗೆ ಕೈ ಹಾಕಿ ಮುಟ್ಟಿ ನೋಡಿ, "ಕೂಸು ಬೆಚ್ಚಗಾಗೇತಿ, ಈಗ ನೀ ಹಾಕ್ಕೋ" ಎಂದು ಬನಿಯನ್ನು ತಿರುಗಿ ಕೊಟ್ಟಳು.

ದೊಡ್ಡವನಾಗಿ, ಮದುವೆಯಾಗಿ, ಬಳ್ಳಾರಿಯ ಪಾರ್ವತಿನಗರದ ಹಿಂದಿನ ಓಣಿಯಲ್ಲಿ ಮನೆ ಮಾಡಿದ ಮೇಲೆ ನಮ್ಮ ಚರ್ಚಿನ ಗೋದಲಿ ಕಟ್ಟುವುದು ನನ್ನ ಕೆಲಸವಾಯಿತು. ಹದಿನಾಲ್ಕು ವರ್ಷ ಕಟ್ಟಿದೆ. ಬಿದಿರು, ಗೋಣಿಚೀಲ, ಕೆಮ್ಮಣ್ಣಿನ ನೀರು. ಗೋಣಿಯನ್ನು ಮಣ್ಣುನೀರಿನಲ್ಲಿ ಅದ್ದಿ ಬಿದಿರಿಗೆ ಹೊದಿಸಿ ಒಣಗಿಸಿದರೆ ಥೇಟು ಕುರುಗೋಡಿನ ಗುಡ್ಡವೇ. ಡಿಸೆಂಬರಿನಲ್ಲಿ ಹದಿನೈದು ದಿನ ಕೂಲಿ ಬಿಟ್ಟು ಇದನ್ನೇ ಮಾಡುತ್ತಿದ್ದೆ. ಒಂದು ವರ್ಷ ಚೀಲ ಹೆಗಲಿಗೇರಿಸಿಕೊಂಡು ಹೋದಾಗ ವರಾಂಡದಲ್ಲಿ ಆಗಲೇ ಒಂದು ಗೋದಲಿ ಕೂತಿತ್ತು. ಬೆಂಗಳೂರಿನಿಂದ ತರಿಸಿದ ಫೈಬರಿನದು, ಬಣ್ಣದ ಲೈಟು, ಮೋಟರಿನಿಂದ ಹರಿಯುವ ಒಂದು ಝರಿ. ಕಮಿಟಿಯ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿ, "ರಾಯಪ್ಪ, ಇನ್ನು ಮ್ಯಾಲೆ ನಿನಗ ತ್ರಾಸಿಲ್ಲ" ಎಂದರು.

ಅವರು ಪ್ರೀತಿಯಿಂದಲೇ ಹೇಳಿದ್ದಿರಬೇಕು. ನನಗೆ ಮಾತ್ರ ಆ ಮಾತು ಎಲ್ಲಿ ತಾಕಬೇಕೋ ಅಲ್ಲಿಯೇ ತಾಕಿತು. ತ್ರಾಸು ಎಂದು ಯಾರು ಹೇಳಿದ್ದರು? ಚೀಲ ಹೊತ್ತು ಹಾಗೆಯೇ ತಿರುಗಿದೆ. ಆಮೇಲೆ ಆರು ವರ್ಷ ಚರ್ಚಿನೊಳಗೆ ಕಾಲಿಡಲಿಲ್ಲ. ಭಾನುವಾರ ಹೆಂಡತಿ ಶಾಂತಮ್ಮನನ್ನು ಬೈಕಿನಲ್ಲಿ ಗೇಟಿನ ತನಕ ಬಿಟ್ಟು, ಎದುರಿನ ಚಹಾದ ಅಂಗಡಿಯಲ್ಲಿ ಕೂತು, ಪೂಜೆ ಮುಗಿದ ಗಂಟೆ ಕೇಳಿದ ಮೇಲೆ ಮತ್ತೆ ಗೇಟಿಗೆ ಹೋಗುತ್ತಿದ್ದೆ. ಸಿಟ್ಟು ಎರಡು ವರ್ಷಕ್ಕೇ ಹಳತಾಗಿತ್ತು. ಅದು ಹೋದ ಜಾಗದಲ್ಲಿ ಏನೂ ಉಳಿದಿರಲಿಲ್ಲ. ಗೋದಲಿ ಎಂದರೆ ಬಿದಿರು ಗೋಣಿ, ಪೂಜೆ ಎಂದರೆ ಒಂದು ತಾಸು ಚಹಾ. ಸಿಟ್ಟಿದ್ದರೆ ಎಂದಾದರೂ ಇಳಿದೀತು ಎನ್ನಬಹುದು. ಏನೂ ಇಲ್ಲದಿದ್ದರೆ ಇಳಿಯುವುದೇನು?

ಆ ವರ್ಷ ಗಂಡಿನ ಊರಿನಲ್ಲಿ ಮಗಳ ಮದುವೆಯಾಗಿ ಮನೆಯಲ್ಲಿ ನಾವಿಬ್ಬರೇ ಉಳಿದಿದ್ದೆವು. ಡಿಸೆಂಬರಿನ ಮೊದಲ ವಾರ ನಾನು ಹಚ್ಚೊಳ್ಳಿ ಕಡೆ ಕೆಲಸಕ್ಕೆ ಹೊರಟು ಕರಣಿ, ರಸಮಟ್ಟ, ದಾರ ಎಲ್ಲ ಚೀಲಕ್ಕೆ ತುಂಬುತ್ತಿದ್ದೆ. ಶಾಂತಮ್ಮ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಮಗಳಿದ್ದಾಗ ಆಕಿ ಮಗ್ಗಲಕ್ಕ ಕುಂದರ್ತಿದ್ಲು. ಈಗ ಮಂದಿ ಇನ್ನೂ ಜಾಸ್ತಿ ಕೇಳ್ತಾರ, ನಿನ್ನ ಗಂಡ ಎಲ್ಲಿ ಅಂತ. ಆರು ವರ್ಷ ಅವರಿಗೆ ಸುಳ್ಳು ಹೇಳೀನಿ, ಅದೂ ದೇವರ ಮುಂದ. ಈ ಕ್ರಿಸ್ಮಸ್ಸಿಗೆ ನೀವು ಒಳಗ ಬರದಿದ್ರ ನಾನೂ ಹೋಗಂಗಿಲ್ಲ. ಇನ್ನ ಮ್ಯಾಲೆ ಯಾವಾಗ್ಲೂ ಹೋಗಂಗಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆ. ಅವಳು ದಣಿದು ಹೇಳಿದಳು. ಶಾಂತಮ್ಮನಿಗೆ ಭಾನುವಾರದ ಪೂಜೆ ಎಂದರೆ ವಾರಪೂರ್ತಿ ಬಾಗಿದ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳುವ ಒಂದು ತಾಸು. ಅದನ್ನು ನನ್ನಿಂದಾಗಿ ಅವಳು ಬಿಡುವವಳಿದ್ದಳು. ಆಡಿದ್ದನ್ನು ಮಾಡುವ ಹೆಂಗಸು. ನಾನು ಚೀಲದ ಬಾಯಿ ಕಟ್ಟಿ ಬಸ್ಸಿಗೆ ನಡೆದೆ.

ಕಾಲುವೆಯ ದಂಡೆಗೆ ಒಂದು ಕ್ಯಾಂಪು. ಹಿಂದೆ ಆಂಧ್ರದ ಕಡೆಯಿಂದ ಗದ್ದೆ ಮಾಡಲು ಬಂದವರು, ಅವರ ಹಿಂದೆ ನಾಟಿ ಮಾಡಲು ಬಂದವರು, ಎಲ್ಲ ಅಲ್ಲಿಯೇ ನೆಲೆ ನಿಂತ ಇಪ್ಪತ್ತು ಮನೆ. ಹನ್ನೊಂದು ಮನೆ ಕ್ರಿಸ್ತುವರದು. ತಗಡಿನ ಕೆಳಗೆ ಪ್ರಾರ್ಥನೆ ಮಾಡುತ್ತಿದ್ದವರು ಆ ವರ್ಷ ಹೇಗೋ ನಾಲ್ಕು ಗೋಡೆಯ ಒಂದು ಗುಡಿ ಎಬ್ಬಿಸಿದ್ದರು. ಗೋಡೆಗೆ ಒಳಗಿನ ಗಿಲಾವು, ನೆಲ, ಎರಡೂ ಕ್ರಿಸ್ಮಸ್ಸಿನೊಳಗೆ ಆಗಬೇಕು. ನಾನು ಮತ್ತು ನನ್ನ ಜೊತೆಯ ಗೌಂಡಿ ಖಾಜಾ. ಇಪ್ಪತ್ತು ವರ್ಷದಿಂದ ಒಂದೇ ಹಲಗೆಯ ಮೇಲೆ ನಿಂತು ಕೆಲಸ ಮಾಡಿದವರು ನಾವು. ಕಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ನಮ್ಮ ವಾಸ. ಸಿಮೆಂಟಿನ ಮಾಲು ಕಲಸಿ ಕೊಡಲು ಕ್ಯಾಂಪಿನ ಇಬ್ಬರು ಹೆಂಗಸರು.

ಬೆಳಿಗ್ಗೆ ಕಾಲುವೆಯ ಮೇಲೆ ಮಂಜು. ಹತ್ತು ಗಂಟೆಗೆ ಅದು ಹರಿದರೆ ಕೊಯ್ಯುವ ಮಷೀನುಗಳ ಸದ್ದು, ದಿನವಿಡೀ ಹೊಟ್ಟಿನ ದೂಳು. ಟಾರು ರಸ್ತೆಯ ಅರ್ಧಕ್ಕೆ ಭತ್ತ ಹರವಿ, ಹೆಂಗಸರು ಕಾಲಿನಿಂದ ಗೆರೆ ಎಳೆಯುತ್ತ ಹೋಗುತ್ತಿದ್ದರು. ನನ್ನ ಕೆಲಸದಲ್ಲಿ ನನ್ನ ದನಿ ದೊಡ್ಡದು. "ಮಾಲು ತರ್ರಿ" ಎಂದರೆ ಕಾಲುವೆಯ ಆಚೆಯ ಎಮ್ಮೆ ತಲೆ ಎತ್ತುತ್ತಿತ್ತು ಎಂದು ಖಾಜಾ ಹೇಳುತ್ತಾನೆ.

ಗಿಲಾವಿನ ಜೊತೆಗೆ ಗೋದಲಿಗೆ ಒಂದು ಕಟ್ಟೆ ಬೇಕೆಂದು ಕೇಳಿದ್ದರು. ಎಷ್ಟೆತ್ತರ ಎಂದು ಯಾರೂ ಹೇಳಲಿಲ್ಲ. ನಾನು ಸೊಂಟದೆತ್ತರಕ್ಕೆ ಕಟ್ಟಿದೆ. ಅಂಚಿಗೆ ಉಂಗುರದ ಸಾಲು, ಮೇಲೆ ಕೆಂಪು ಬಣ್ಣದ ಪಾಲಿಶು, ಮುಖ ಕಾಣುವಂತೆ ತಿಕ್ಕಿದ್ದೆ. ಬಳ್ಳಾರಿಯ ಫೈಬರಿನ ಗೋದಲಿ ತಂದವರು ಇದನ್ನೊಮ್ಮೆ ನೋಡಬೇಕು ಎಂಬುದೇ ನನ್ನ ತಲೆಯಲ್ಲಿದ್ದದ್ದು. ಬಾಲಯೇಸು ಅಲ್ಲಿ ಮಲಗುತ್ತದೆ ಎಂಬುದು ಒಮ್ಮೆಯೂ ತಲೆಗೆ ಬರಲಿಲ್ಲ. ಸುಳ್ಳೇಕೆ ಹೇಳಲಿ.

ಆ ಕ್ಯಾಂಪಿನಲ್ಲಿ ಒಂದು ಪದ್ಧತಿ. ಡಿಸೆಂಬರಿನಲ್ಲಿ ಬಾಲಯೇಸುವಿನ ಗೊಂಬೆಯನ್ನು ಹೊಸ ಹುಲ್ಲು ಹಾಸಿದ ಮೊರದಲ್ಲಿ ಮಲಗಿಸಿ ಮನೆಯಿಂದ ಮನೆಗೆ ಕೊಡುತ್ತಾರೆ. ಒಂದು ಮನೆಯಲ್ಲಿ ಒಂದು ದಿನ. ಕೂಸು ಇರುವ ದಿನ ಆ ಮನೆಯಲ್ಲಿ ಯಾರೂ ದನಿ ಎತ್ತಬಾರದು, ಬೈಯಬಾರದು. ಮರುದಿನ ಮನೆಗೊಂದು ಹಿಡಿ ಹುಲ್ಲು ಸೇರಿಸಿ ಮುಂದಿನ ಮನೆಗೆ ಒಯ್ಯಬೇಕು. ಕೊನೆಯ ಮನೆಯವರು, ಗಂಡ ಹೆಂಡತಿ ಜೋಡಿಯಾಗಿ ಮೊರ ಹಿಡಿದು, ಇಪ್ಪತ್ತನಾಲ್ಕರಂದು ಗೋದಲಿಗೆ ತರಬೇಕು. ಇದನ್ನು ನಡೆಸುವವಳು ಎಸ್ತೇರಮ್ಮ ಎಂಬ ಮುದುಕಿ. ಅರವತ್ತು ವರ್ಷ ಭತ್ತದ ನಾಟಿ ಮಾಡಿ ಮಾಡಿ ಆಕೆಯ ಬೆನ್ನು ಗದ್ದೆಯಲ್ಲಿ ಬಗ್ಗಿದ್ದು ಮತ್ತೆ ಎದ್ದಿರಲಿಲ್ಲ. ನಡೆದರೆ ನೆಲವನ್ನೇ ನೋಡುತ್ತ ನಡೆಯುತ್ತಿದ್ದಳು.

ಇಪ್ಪತ್ಮೂರರ ಬೆಳಿಗ್ಗೆ ಆಕೆ ಮೊರ ಹಿಡಿದು ನಮ್ಮ ಶೆಡ್ಡಿನ ಬಾಗಿಲಿಗೆ ಬಂದಳು. ಹನ್ನೊಂದು ಮನೆ ಮುಗಿದಿತ್ತಂತೆ.

"ಅಮ್ಮಾ, ಇದು ಮನಿ ಅಲ್ಲ, ಶೆಡ್ಡು" ಎಂದೆ.

"ಒಲಿ ಹಚ್ತೀರಿ, ಉಣ್ತೀರಿ, ಮಕ್ಕೋತೀರಿ. ಇನ್ನೇನು ಬೇಕು ನಾಯನಾ ಮನಿಗೆ? ಇದೂ ಒಂದು ಮನಿನೇ ಕದಾ" ಎಂದು ತೆಲುಗು ಬೆರೆಸಿ ಹೇಳಿ ಸಿಮೆಂಟಿನ ಚೀಲದ ಮೇಲೆ ಮೊರ ಇಟ್ಟಳು. "ಆತ ಹುಟ್ಟಿದ್ದೇನು ಮಾಳಿಗಿ ಮನ್ಯಾಗ ಅಲ್ಲ."

ಗೇಣುದ್ದದ ಮಣ್ಣಿನ ಗೊಂಬೆ. ಎಡಗೈಯ ಒಂದು ಬೆರಳು ಮುರಿದಿತ್ತು. ಮುತ್ತಿಟ್ಟು ಮುತ್ತಿಟ್ಟು ಮೂಗಿನ ಬಣ್ಣ ಹೋಗಿ ಒಳಗಿನ ಕೆಮ್ಮಣ್ಣು ಕಾಣುತ್ತಿತ್ತು. ನಾನು ಬೇಡ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಖಾಜಾ ಕೈ ತೊಳೆದುಕೊಂಡು ಬಂದು ಮೊರವನ್ನು ಎರಡೂ ಕೈಯಲ್ಲಿ ಎತ್ತಿ, ದೂಳಿಲ್ಲದ ಮೂಲೆಗೆ ಇಟ್ಟ. ಮೇರಿಯಮ್ಮನ ಮಗ ನಮಗೂ ಪೈಗಂಬರನೇ, ನೀನು ಬೇಡವೆಂದರೆ ಬಿಡು, ನಾನು ಇಟ್ಟುಕೊಳ್ಳುತ್ತೇನೆ ಎಂದ.

ಎಸ್ತೇರಮ್ಮ ಹೋಗುವಾಗ ಗುಡಿಯೊಳಗೆ ನನ್ನ ಕಟ್ಟೆ ನೋಡಿಕೊಂಡು ಹೋಗುತ್ತೇನೆಂದಳು. ಜೊತೆಗೆ ಹೋದೆ. ಹೊಗಳಿಕೆ ಕೇಳಲು ಎಂದೇ ಇಟ್ಟುಕೊಳ್ಳಿ. ಆಕೆ ಕಟ್ಟೆಯ ಮುಂದೆ ನಿಂತಳು. ಬಾಗಿದ ಮೈ, ತಲೆ ಕಟ್ಟೆಯ ಅಂಚಿನ ತನಕವೂ ಬರಲಿಲ್ಲ. ಬೆರಳು ಅಂಚಿಗೆ ಹಾಕಿ ಮೇಲೆ ತಡವಿದಳು. ಕೆಂಪು ಪಾಲಿಶಿನ ಮೇಲೆ ಆ ಬೆರಳುಗಳು ಅತ್ತ ಇತ್ತ ಓಡಾಡಿದ್ದಷ್ಟೇ ನನಗೆ ಕಂಡಿತು. "ಚಂದ ಐತಿ ನಾಯನಾ" ಎಂದಳು. ಕಾಣದ್ದನ್ನು ಚಂದವೆಂದು ಹೇಳಿ ಹೊರಟುಹೋದಳು.

ಆ ದಿನ ನಾವು ಪಿಸುಮಾತಿನಲ್ಲಿ ಕೆಲಸ ಮಾಡಿದೆವು. ಮೊದಲಿಗೆ ತಮಾಷೆ. ಶೆಡ್ಡಿಗೂ ಗುಡಿಗೂ ಹತ್ತು ಹೆಜ್ಜೆ, ಎರಡಕ್ಕೂ ಕದವಿಲ್ಲ. ಮಾಲು ತರುವ ಹೆಂಗಸರು ತುಟಿಗೆ ಬೆರಳಿಟ್ಟುಕೊಂಡು ಬರುತ್ತಿದ್ದರು. ಹಲಗೆಯ ಮೇಲಿಂದ ನಾನು ಸನ್ನೆ ಮಾಡಿ ಮಾಲು ಕೇಳಿದೆ. ನೀರು ಹೆಚ್ಚಾಗಿತ್ತು. ಬೈಗುಳ ಗಂಟಲ ತನಕ ಬಂದದ್ದನ್ನು ನುಂಗಿ, ನೀರು ಸ್ವಲ್ಪ ಕಡಿಮೆ ಮಾಡು ತಾಯಿ ಎಂದೆ. ಹೆಂಗಸರಿಬ್ಬರೂ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು.

ಖಾಜಾ ನನ್ನ ಕಿವಿಗೆ ಬಂದು, "ಇಪ್ಪತ್ತು ವರ್ಷದಾಗ ನಾ ಮಾಡಾಕಾಗದ್ದು ಗೇಣುದ್ದದ ಕೂಸು ಮಾಡ್ತು ನೋಡು, ನಿನ್ನ ಬಾಯಿ ಮುಚ್ಚಿಸ್ತು" ಎಂದ.

ಮಧ್ಯಾಹ್ನ ಊಟಕ್ಕೆ ಅವರೆಲ್ಲ ಕಾಲುವೆಯ ದಂಡೆಗೆ ಹೋದರು. ನನಗೆ ಬೆನ್ನು ಹಿಡಿದಿತ್ತು, ಶೆಡ್ಡಿನಲ್ಲಿ ಒಬ್ಬನೇ ಕಾಲು ಚಾಚಿದೆ. ತಗಡಿನ ತೂತಿನಿಂದ ರೂಪಾಯಿಯಗಲದ ಬಿಸಿಲು ಒಳಗೆ ಬೀಳುತ್ತಿತ್ತು. ನೋಡನೋಡುತ್ತ ಅದು ಹುಲ್ಲಿನ ಮೇಲೆ ಸರಿದು ಕೂಸಿನ ಮುಖಕ್ಕೆ ಬಂತು. ನಾನು ಎದ್ದು, ಮೊರವನ್ನು ಮೆಲ್ಲಗೆ, ಹುಲ್ಲು ಅಲುಗದ ಹಾಗೆ, ನೆರಳಿಗೆ ಎಳೆದೆ. ಹೆಗಲ ಟವೆಲು ತೆಗೆದು ದೂಳು ಬೀಳದಂತೆ ಕಾಲಿಗೆ ಹೊದಿಸಿದೆ. ಮತ್ತೆ ಬಂದು ಮಲಗಿದೆ.

ಮಲಗಿದ ಮೇಲೆ ನಾನೇನು ಮಾಡಿದೆ ಎಂಬುದು ತಿಳಿಯಿತು. ಯಾರೂ ನೋಡುತ್ತಿರಲಿಲ್ಲ. ಯಾರಿಗೂ ತೋರಿಸಲು ಮಾಡಿದ್ದಲ್ಲ. ಮಣ್ಣಿನ ಗೊಂಬೆಗೆ ಬಿಸಿಲು ತಾಕುವುದಿಲ್ಲ ಎಂಬುದು ಮೂವತ್ತು ವರ್ಷ ಮಣ್ಣು ಇಟ್ಟಿಗೆಯಲ್ಲೇ ಬದುಕಿದವನಿಗೆ ಗೊತ್ತಿಲ್ಲವೇ? ಆದರೂ ಕೈ ತಾನಾಗಿ ಹೋಗಿತ್ತು. ಕುರುಗೋಡಿನಲ್ಲಿ ಬನಿಯನ್ನು ಬಿಚ್ಚಿದ ಕೈಯೇ ಅದು. ಅಷ್ಟು ವರ್ಷ ಎಲ್ಲಿತ್ತೋ. ದೇವರು ಇಷ್ಟು ಚಿಕ್ಕದಾಗಿ, ಬಿಸಿಲಿಗೆ ಕಣ್ಣು ಮುಚ್ಚುವಷ್ಟು ಚಿಕ್ಕದಾಗಿ, ಯಾರಾದರೂ ಎತ್ತಿ ನೆರಳಿಗೆ ಇಡಲಿ ಎಂದು ಕಾಯುತ್ತ ಬರುತ್ತಾನಲ್ಲ ಎಂದು ಬೆರಗಾಯಿತು. ಉಪದೇಶದಲ್ಲಿ ನೂರು ಸಲ ಕೇಳಿದ ಮಾತು ಅದು. ಸಿಮೆಂಟಿನ ಚೀಲಗಳ ನಡುವೆ ಮಲಗಿ ಮೊದಲ ಸಲ ಕೇಳಿದಂತಾಯಿತು. ಕಣ್ಣಲ್ಲಿ ನೀರು ಬಂತು. ದೂಳಿನದು ಎಂದು ಆಮೇಲೆ ಖಾಜಾನಿಗೆ ಹೇಳಿದೆ.

ಮರುದಿನ, ಇಪ್ಪತ್ತನಾಲ್ಕು. ಫಾದರ್ ಒಬ್ಬರೇ, ಹೋಗಬೇಕಾದ ಊರು ಹಲವು. ಹಾಗಾಗಿ ಆ ಕ್ಯಾಂಪಿಗೆ ಕ್ರಿಸ್ಮಸ್ ಪೂಜೆ ಮಧ್ಯಾಹ್ನ ನಾಲ್ಕಕ್ಕೇ. ಮಂಜು ಹರಿಯುವ ಮೊದಲೇ ನಾನು ಎದ್ದು ಉಳಿ ಸುತ್ತಿಗೆ ಹಿಡಿದು ಕಟ್ಟೆಯ ಮುಂದೆ ಕೂತೆ. ಕೂಸು ಶೆಡ್ಡಿನಲ್ಲಿ ಮಲಗಿತ್ತು, ಸದ್ದಾಗಬಾರದು. ಗೋಣಿಚೀಲವನ್ನು ನೀರಿನಲ್ಲಿ ಅದ್ದಿ ಕಟ್ಟೆಯ ಮೇಲೆ ಹೊದಿಸಿ, ಅದರ ಮೇಲಿನಿಂದ ಮೆತ್ತಗೆ ಉಳಿ ಬಡಿದೆ. ಉಂಗುರದ ಸಾಲು ಮೊದಲು ಹೋಯಿತು. ಖಾಜಾ ಕಣ್ಣುಜ್ಜುತ್ತ ಬಂದು, ತಲೆ ಕೆಟ್ಟಿದೆಯೇ, ಇಂಥ ಕೆಲಸ ಬಳ್ಳಾರಿಯಲ್ಲೇ ಇಲ್ಲ ಎಂದ. ಎಸ್ತೇರಮ್ಮನಿಗೆ ಕಾಣುವುದಿಲ್ಲ, ಮಕ್ಕಳಿಗೂ ಕಾಣುವುದಿಲ್ಲ ಎಂದೆ. ಅವನು ಇನ್ನೊಂದು ಉಳಿ ತಂದು ಎದುರಿಗೆ ಕೂತ. ಹತ್ತು ಗಂಟೆಗೆ ಕಟ್ಟೆ ನೆಲದಿಂದ ಒಂದು ಗೇಣು ಉಳಿಯಿತು. ಮೇಲೆ ಬರೀ ಮಣ್ಣು ಮೆತ್ತಿದೆ. ಕಟ್ಟಿದ ಕೆಲಸವನ್ನು ನಾನೇ ಕೈಯಾರೆ ಒಡೆದದ್ದು ಬದುಕಿನಲ್ಲಿ ಅದೊಂದೇ ಸಲ.

ಆಮೇಲೆ ಖಾಜಾ ಕೇಳಿದ, ಮೊರದ ಇನ್ನೊಂದು ಕಡೆ ಯಾರು ಹಿಡಿಯುತ್ತಾರೆ ಎಂದು. ಜೋಡಿ ಬೇಕಿತ್ತು. ನೀನೇ ಹಿಡಿ ಎಂದೆ.

"ನಾ ಏನ್ ಬೇಕಾದ್ರೂ ಆದೇನು, ನಿನ್ನ ಹೆಂಡ್ತಿ ಆಗಂಗಿಲ್ಲ. ಅಂಥ ಪಾಪ ಏನೂ ಮಾಡಿಲ್ಲ ನಾ. ಫೋನ್ ಹಚ್ಚು."

ಫೋನ್ ಹಚ್ಚಿದೆ. ಶಾಂತಮ್ಮ ಎತ್ತಿದಳು. ಮಧ್ಯಾಹ್ನದ ಬಸ್ಸಿಗೆ ಹಚ್ಚೊಳ್ಳಿಗೆ ಬಾ ಎಂದೆ. ಯಾಕೆ, ಬಿದ್ದಿರೇನು, ಏನಾಯಿತು ಎಂದಳು. ಪೂಜೆ ಐತಿ ಎಂದೆ. ಆ ಕಡೆ ಸುರಿಯುತ್ತಿದ್ದ ನಮ್ಮ ಓಣಿಯ ಕೊಳಾಯಿಯನ್ನು ಅವಳು ನಿಲ್ಲಿಸಿದ್ದು ಕೇಳಿಸಿತು.

"ನೀವು ಒಳಗ ಬರ್ತೀರಾ, ಇಲ್ಲಾ ಅಲ್ಲೂ ನನ್ನ ಬಾಗಲದಾಗ ಬಿಟ್ಟು ಹೋಗ್ತೀರಾ?"

"ಕೈಯಾಗ ಕೂಸು ಇರ್ತೈತಿ" ಎಂದೆ. "ಹೊರಗ ನಿಂದ್ರಾಕ ಬರಂಗಿಲ್ಲ."

ಮೂರೂವರೆಗೆ ಹಚ್ಚೊಳ್ಳಿಯಿಂದ ಯಾರದೋ ಟ್ರಾಕ್ಟರಿನ ಮೇಲೆ, ಭತ್ತದ ಚೀಲಗಳ ನಡುವೆ, ಮಗಳ ಮದುವೆಯ ಸೀರೆ ಉಟ್ಟು ಶಾಂತಮ್ಮ ಬಂದಳು. ನನ್ನ ಮುಖ ನೋಡಲಿಲ್ಲ. ಮೊರ ನೋಡಿದಳು. ಟವೆಲು ನನ್ನದೆಂದು ಗುರುತು ಹಿಡಿದಳು. ನಾನು ಕಣದಿಂದ ಒಂದು ಹಿಡಿ ಹುಲ್ಲು ತಂದು ಸೇರಿಸಿದೆ. ಒಂದು ಕಡೆ ನಾನು, ಒಂದು ಕಡೆ ಅವಳು. ನಾನೇ ರಸಮಟ್ಟ ಇಟ್ಟು ಹಾಕಿದ ನೆಲದ ಮೇಲೆ, ತಗ್ಗುದಿಣ್ಣೆ ಇದ್ದಂತೆ ಹೆಜ್ಜೆ ನೋಡಿ ನೋಡಿ ಇಟ್ಟೆ. ಕಟ್ಟೆ ಅಷ್ಟು ತಗ್ಗಿನಲ್ಲಿದ್ದುದರಿಂದ ಕೂಸನ್ನು ಇಡಲು ಇಬ್ಬರೂ ಮಂಡಿಯೂರಲೇಬೇಕಾಯಿತು. ಅದನ್ನು ನಾನು ಲೆಕ್ಕ ಹಾಕಿರಲಿಲ್ಲ. ಮಕ್ಕಳು ನಮ್ಮ ಹೆಗಲ ನಡುವೆ ತಲೆ ತೂರಿಸಿದರು. ಎಸ್ತೇರಮ್ಮ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಕೂಸಿನ ಮುಖಕ್ಕೆ ಮುಖ ತಂದು, ಒಂದು ಸಲ ಕಣ್ತುಂಬ ನೋಡಿದಳು. ಈ ಸಲ ಚಂದವೆಂದು ಹೇಳಲಿಲ್ಲ. ನಾನೂ ಕೇಳಲಿಲ್ಲ. ಪೂಜೆಯ ನಡುವೆ ಶಾಂತಮ್ಮ ನನ್ನ ತೋಳಿಗೆ ಅಂಟಿದ್ದ ಒಣ ಸಿಮೆಂಟನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತ ಕೂತಿದ್ದಳು.

ಮುಂದಿನ ಭಾನುವಾರ ಬಳ್ಳಾರಿಯಲ್ಲಿ ಬೈಕನ್ನು ಗೇಟಿನೊಳಗೆ ತಂದು ನಿಲ್ಲಿಸಿದೆ. ಕಮಿಟಿಯ ಅದೇ ಹಿರಿಯರು, "ಬಂದಿಯಾ ರಾಯಪ್ಪ" ಎಂದರು. "ಬಂದೀನ್ರಿ" ಎಂದೆ. ಅಷ್ಟೇ. ಫೈಬರಿನ ಗೋದಲಿಯ ಮೋಟರು ಗುಯ್ಗುಡುತ್ತಿತ್ತು. ಅದರ ಮುಂದೆಯೂ ಮಂಡಿಯೂರಿದೆ. ಕೂಸು ಕೂಸೇ.

ಆ ಮಧ್ಯಾಹ್ನದಂಥದ್ದು ಮತ್ತೆ ಬಂದಿಲ್ಲ. ಪ್ರತಿ ಡಿಸೆಂಬರಿನಲ್ಲಿ ಕಾಯುತ್ತೇನೆ. ಬೆನ್ನುನೋವು ಬರುತ್ತದೆ, ಕೆಲಸ ಬರುತ್ತದೆ, ಕ್ರಿಸ್ಮಸ್ಸೂ ಬಂದು ಹೋಗುತ್ತದೆ. ಪೂಜೆಯಲ್ಲಿ ಎಷ್ಟೋ ಸಲ ತೂಕಡಿಸುತ್ತೇನೆ. ಶಾಂತಮ್ಮ ಮೊಣಕೈಯಿಂದ ತಿವಿಯುತ್ತಾಳೆ. ಎಸ್ತೇರಮ್ಮ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಖಾಜಾ ಈಗ ಕೊಳಗಲ್ಲಿನಲ್ಲಿ ಮಗನ ಮನೆ ಕಟ್ಟಿಸುತ್ತಿದ್ದಾನೆ. ನನ್ನ ಕೆಲಸದಲ್ಲಿ ತಪ್ಪು ಹುಡುಕಲು ಈಗ ಯಾರೂ ಇಲ್ಲ. ಮೊನ್ನೆ ಟ್ರಾಕ್ಟರು ಹೋದ ಮೇಲೆ ರಸ್ತೆಯಲ್ಲಿ ಬಿದ್ದ ಹುಲ್ಲು ಆರಿಸಿ, ಚೀಲದಲ್ಲಿ ಇಟ್ಟುಕೊಂಡು ಬಂದೆ. ಪ್ರತಿ ವರ್ಷ ಒಂದು ಹಿಡಿ ತಂದು ಆ ಫೈಬರಿನ ಗೋದಲಿಯೊಳಗೆ ಕೂಸಿನ ಕೆಳಗೆ ಹಾಸುತ್ತೇನೆ. ಇದುವರೆಗೆ ಯಾರೂ ತೆಗೆದಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ಕರಣಿ ಎರಡು, ಒಂದರ ಹಿಡಿ ಸಡಿಲ. ರಸಮಟ್ಟ ಒಂದು. ಮಡಚುವ ಮೊಣಕಾಲು ಒಂದು, ಮಡಚದ್ದು ಒಂದು. ಮಗಳೊಬ್ಬಳು, ಹೆಂಡತಿಯೊಬ್ಬಳು. ಕಾಗದದಲ್ಲಿ ಸುತ್ತಿದ ಹೊಸ ಹುಲ್ಲು ಒಂದು ಹಿಡಿ. ಚರ್ಚಿನಲ್ಲಿ ಹಿಂದಿನಿಂದ ಎರಡನೆಯ ಬೆಂಚಿನ ತುದಿಗೆ ಜಾಗ ಎರಡು.